ಒಳಗಿನ ಚಿಲಕ

ಹೋದ ವಾರ ಬಡಗಿ ಬಂದಿದ್ದ. ನಮ್ಮ ಕಾಯಿ ಕೋಣೆಯ ಬಾಗಿಲಿಗೆ ಗೆದ್ದಲು ಹಿಡಿದಿದೆ, ಹೊಸದು ಮಾಡಿಸಬೇಕು. ಅಳತೆ ತೆಗೆಯುತ್ತಿದ್ದವನು ಬಾಗಿಲ ಹಿಂದೆ ಇಣುಕಿ ನಗತೊಡಗಿದ.

"ಏನ್ ಯಜಮಾನ್ರೇ, ಒಳಗಡೇನೂ ಚಿಲಕ ಮಡಗಿದ್ದೀರಿ! ನಿಮ್ಮ ಕಾಯಿಗಳು ಚಿಲಕ ಹಾಕ್ಕೊಂಡು ಮಲಗ್ತವಾ?"

ನಗಲಿ ಬಿಡಿ. ನಮ್ಮ ಸೀಮೆಯಲ್ಲಿ ಕಾಯಿ ಕೋಣೆಗೆ ಚಿಲಕ ಇರುವುದು ಹೊರಗೆ ಮಾತ್ರ. ಅಟ್ಟಕ್ಕೇರಿಸಿದ ತೆಂಗಿನಕಾಯಿ ಒಣಗಿ ಕೊಬ್ಬರಿಯಾಗಲು ವರ್ಷ ಬೇಕು. ಅಲ್ಲಿಯವರೆಗೆ ಅದನ್ನು ಕಳ್ಳರಿಂದ ಕಾಯಬೇಕು, ಅಷ್ಟೆ. ಈ ಬಾಗಿಲಿಗೆ ಎರಡನೇ ಚಿಲಕ ಬಂದದ್ದು ನನ್ನ ಜಂಬ ಇಳಿದಾಗ.

ಎಂಬತ್ತನೇ ಇಸವಿಯ ಆಸುಪಾಸು. ಒಂದು ಹಿಂಗಾರಿನಲ್ಲಿ ಕೆರೆ ಏರಿ ಒಡೆದು ಕೆಳಗಿನ ಕೇರಿಯ ಮಣ್ಣಿನ ಮನೆಗಳೆಲ್ಲ ಕರಗಿಹೋದವು. ಜೀವ ಹೋಗಲಿಲ್ಲ, ಅದೊಂದು ಪುಣ್ಯ. ಅವರಿಗೆಲ್ಲ ಸ್ಕೂಲಿನ ಅಂಗಳದಲ್ಲಿ ಸೂರು ಕಟ್ಟಬೇಕೆಂದಾಯಿತು. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿದ್ದ ನಾನು ಮತ್ತೆ ಆ ಅಂಗಳ ತುಳಿದದ್ದು ಅವತ್ತೇ. ತೆಂಗಿನ ಗರಿ ಹೆಣೆಯುವುದರಲ್ಲಿ ನನ್ನನ್ನು ಮೀರಿಸುವವರು ಬಿಳಿಗೆರೆ ತನಕ ಇರಲಿಲ್ಲ. ಹಾಗೆ ಹೇಳುತ್ತಿದ್ದವನು ನಾನೊಬ್ಬನೇ ಅನ್ನುವುದು ಬೇರೆ ಮಾತು. ಸಂಜೆಯೊಳಗೆ ಉದ್ದನೆಯ ಚಪ್ಪರ ಎದ್ದಿತು. ನಡುನಡುವೆ ಗರಿಯ ಮರೆ, ಮನೆಗೊಂದು ಭಾಗ.

ಎಲ್ಲರೂ ಒಳಗೆ ಹೋದರು. ಕೂಲಿ ಮಾಡಿ ಒಬ್ಬಳೇ ಮಗಳನ್ನು ಸಾಕುತ್ತಿದ್ದ ರಂಗಮ್ಮ ಮಾತ್ರ ಗಂಟನ್ನು ಮಡಿಲಲ್ಲಿಟ್ಟುಕೊಂಡು ಹೊರಗೇ ಕೂತಿದ್ದಳು.

"ಯಾಕವ್ವ, ಚೆನ್ನಾಗಿಲ್ವಾ?"

"ಚೆನ್ನಾಗೈತೆ ಕಣಣ್ಣ. ಬಾಗ್ಲು ಎಲ್ಲಿ?"

"ಚಪ್ಪರಕ್ಕೆ ಯಾರಾದ್ರೂ ಬಾಗ್ಲು ಮಡಗ್ತಾರಾ?"

"ಮದ್ವೆ ಚಪ್ಪರಕ್ಕೆ ಬ್ಯಾಡ. ನಾನು ವಯಸ್ಸಿಗೆ ಬಂದಿರೋ ಮಗಳನ್ನ ಕಟ್ಕೊಂಡು ಇಲ್ಲಿ ತಿಂಗಳುಗಟ್ಲೆ ಇರ್ಬೇಕು. ಕಣ್ಣು ಮುಚ್ಚಾದೆಂಗೆ? ನಾಳೆ ಯಾವ್ದಾದ್ರೂ ಊರಿಗೆ ಹೊಂಟೋಯ್ತೀನಿ, ಬುಡು."

ನನಗೆ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದು ಕೂಗಾಡಿದೆ: "ಬೆಳಗ್ಗಿಂದ ಬೆನ್ನು ಮುರ್ಕೊಂಡಿದ್ದೀನಿ, ಬಾಗ್ಲು ಬೇಕಂತೆ ಬಾಗ್ಲು!"

ನಮ್ಮಾಕೆ ರೊಟ್ಟಿ ತಟ್ಟುತ್ತ ತಲೆಯನ್ನೂ ಎತ್ತಲಿಲ್ಲ. "ನಿಮ್ಮ ಕಾಯಿಗೆ ಬಾಗ್ಲೈತೆ ಕಣ್ರೀ. ಆ ಮಗೀಗೆ ಬ್ಯಾಡ್ವಾ?"

ತಾಯಿ ಮಗಳು ಆ ರಾತ್ರಿಯನ್ನು ಸ್ಕೂಲಿನ ಜಗಲಿಯಲ್ಲಿ ಕೂತೇ ಕಳೆದರಂತೆ. ಬೆಳಗ್ಗೆ ನಾನು ಕಾಯಿ ಕೋಣೆಯ ಬಾಗಿಲು ಕಿತ್ತು ತಲೆಯ ಮೇಲೆ ಹೊತ್ತು ತಂದೆ. ಅವಳ ಭಾಗಕ್ಕೆ ಎರಡು ಕಂಬ ನೆಟ್ಟು ಕೂರಿಸಿದೆ. ಈಗಲಾದರೂ ಹೊಗಳುತ್ತಾಳೆ ಅಂದುಕೊಂಡು ನಿಂತಿದ್ದೆ. ರಂಗಮ್ಮ ಒಳಗೆ ಹೋಗಿ ಬಾಗಿಲೆಳೆದುಕೊಂಡಳು, ಮತ್ತೆ ತಲೆ ಹೊರಗೆ ಹಾಕಿದಳು.

"ಅಣ್ಣ, ಚಿಲಕ ಹೊರಗೈತಲ್ಲ! ನಮ್ಮನ್ನ ಕೂಡಾಕ್ತೀಯಾ?"

ಅವಳ ಹಿಂದೆ ಮಗಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಇಷ್ಟು ವರ್ಷ ದಿನಾ ತೆಗೆದು ಮುಚ್ಚಿದ ಬಾಗಿಲು. ಒಳಗಿರುವವರ ಕಡೆಯಿಂದ ಅದನ್ನು ನಾನು ಒಂದು ದಿನವೂ ನೋಡಿರಲಿಲ್ಲ. ಸೈಕಲ್ಲು ಹತ್ತಿದೆ, ಕಿಬ್ಬನಹಳ್ಳಿಯಿಂದ ಚಿಲಕ ತಂದು ಒಳಗಡೆ ಬಡಿದೆ.

ರಂಗಮ್ಮ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಆಮೇಲೆ ಗಂಟು ಬಿಚ್ಚಿದ ಸದ್ದು ಕೇಳಿಸಿತು.

ಅವರು ಗೋಡೆ ಎಬ್ಬಿಸಿಕೊಂಡು ಬಾಗಿಲು ವಾಪಸು ಕೊಡುವ ತನಕ ನಮ್ಮ ಕಾಯಿ ಕೋಣೆಗೆ ಗೋಣಿತಾಟೇ ಬಾಗಿಲು. ಕಳ್ಳರು ಬರಲಿಲ್ಲ, ಇಲಿಗಳು ಬಂದವು.

"ಹೊಸ ಬಾಗ್ಲಿಗೆ ಹೊರಗೊಂದೇ ಸಾಕಲ್ವಾ?" ಎಂದ ಬಡಗಿ.

"ಒಳಗೂ ಒಂದು ಹಾಕಪ್ಪ."

"ಒಳಗೆ ಯಾರು ಯಜಮಾನ್ರೇ ಇರಾದು?"

"ಕೆರೆ ಇನ್ನೂ ಅಲ್ಲೇ ಐತಲ್ಲ."

ಅವನು ಈ ಸಲ ನಗಲಿಲ್ಲ. ಕಿವಿಯ ಪೆನ್ಸಿಲು ತೆಗೆದು, ತನ್ನ ಭುಜದ ಎತ್ತರಕ್ಕೆ ಗುರುತು ಹಾಕಹೊರಟ.

"ಇನ್ನೊಂಚೂರು ಕೆಳಗೆ," ಎಂದೆ. "ಮಕ್ಕಳ ಕೈಗೂ ಎಟುಕ್ಬೇಕು."