ಮಲಗಿದ ಗೋಡೆಯ ಬಾಗಿಲು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತಗಡಿನ ಚಾವಣಿಯ ಶೆಡ್ಡಿನೊಳಗೆ, ಉದ್ದನೆಯ ಕಬ್ಬಿಣದ ಮೇಜಿನ ಮೇಲೆ ಗೋಡೆಯೊಂದು ಬೋರಲು ಮಲಗಿದೆ. ಅದರ ಮೇಲೆ ಬಾಗಿದ ಹೆಂಗಸು ಬಾಗಿಲ ಚೌಕಟ್ಟನ್ನು ಅಂಗೈಯಿಂದ ತಟ್ಟಿ ಕೂರಿಸುತ್ತಾರೆ. ಸೀಮೆಸುಣ್ಣದ ಗುರುತನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ. ಮತ್ತೆ ಮುಟ್ಟುತ್ತಾರೆ. ಆಮೇಲಷ್ಟೇ ಡ್ರಿಲ್ ಕೈಗೆ ಬರುತ್ತದೆ.

ಇಲ್ಲಿ ಮನೆ ಕಟ್ಟುವುದಿಲ್ಲ, ತಯಾರಿಸುತ್ತಾರೆ. ಗೋಡೆ, ನೆಲ, ಬಚ್ಚಲು ಎಲ್ಲ ಬಿಡಿಬಿಡಿಯಾಗಿ ಲಾರಿ ಹತ್ತುತ್ತವೆ, ನಿವೇಶನದಲ್ಲಿ ಕ್ರೇನು ಎತ್ತಿ ಜೋಡಿಸುತ್ತದೆ. ದಿನಕ್ಕೆ ಮೂರು ಮನೆಗಳ ಬಾಗಿಲುಗಳು ಈ ಹೆಂಗಸಿನ ಕೈ ದಾಟಿ ಹೋಗುತ್ತವೆ. ಶೆಡ್ಡಿನಲ್ಲಿ ಎಲ್ಲರಿಗೂ ಇವರು ‘ಕದದಕ್ಕ’.

ಮೊದಲು ಇಟ್ಟಿಗೆ ಹೊರುತ್ತಿದ್ದರು. ಮೇಸ್ತ್ರಿಯಾಗಿದ್ದ ಗಂಡ ಸಾರವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಇಲ್ಲಿಗೆ ಬಂದರು. “ಆಗ ಮನೆ ಏಳೋ ಕಡೆಗೆಲ್ಲ ನಾವು ಗಂಟುಮೂಟೆ ಕಟ್ಕೊಂಡು ಹೋಗ್ತಿದ್ವಿ. ಈಗ ಮನೆಗಳೇ ನನ್ನ ಮುಂದೆ ಬಂದು ಮಲಗ್ತವೆ, ರಾಣಿ ಥರ ಇದ್ದೀನಿ ನೋಡಿ” ಎಂದು ನಗುತ್ತಾರೆ.

ಇಂಥ ಮನೆಗಳಿಗೆ ಬೇಡಿಕೆ ಏರಿ ಪಕ್ಕದಲ್ಲೇ ಎರಡನೆಯ ಶೆಡ್ ಏಳುತ್ತಿದೆ. ಅಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಇಟ್ಟಿಗೆ ಹೊತ್ತ ಹೆಂಗಸರೇ. ಅವರಿಗೆ ಕಲಿಸುವ ಹೊಣೆ ಕದದಕ್ಕನದು ಎಂದು ಸೂಪರ್‌ವೈಸರ್ ಹೇಳಿದಾಗ ಇವರು ಆಗದೆಂದು ತಲೆ ಅಲ್ಲಾಡಿಸಿಬಿಟ್ಟರು. ಶೆಡ್ ನೋಡಲು ಬಂದ ನನ್ನೊಂದಿಗೆ ಚಹಾ ಕುಡಿಯುವಾಗ ಲೋಟದೊಳಗೇ ನೋಡುತ್ತ ಹೇಳಿದರು: “ಯಾವ ಮುಖ ಇಟ್ಕೊಂಡು ಕಲಿಸಲಿ?”

ತೀರಿಕೊಂಡ ಅಣ್ಣನ ಹೆಂಡತಿ, ಇವರ ಅತ್ತಿಗೆ, ಹೊಳೆದಂಡೆಯ ಹಳೇ ಮನೆ ಬಿಟ್ಟು, ಈ ಶೆಡ್ಡಿನಲ್ಲಿ ತಯಾರಾದ ಮನೆಗಳ ಹೊಸ ಸಾಲಿಗೆ ಬಂದವರು. ಒಂದು ಕೈ, ಒಂದು ಕಾಲು ಸ್ವಾಧೀನದಲ್ಲಿಲ್ಲ, ಊರುಗೋಲೇ ಆಸರೆ. ಅವರ ಮನೆಯ ಗೋಡೆ ಮೇಜಿಗೆ ಬಂದಾಗ ಕದದಕ್ಕ ಬೇರೆ ಯಾರಿಗೂ ಮುಟ್ಟಗೊಡಲಿಲ್ಲ. ಆ ಪುಟ್ಟ ಕೋಣೆಯನ್ನು ಮನಸ್ಸಿನಲ್ಲೇ ಕಂಡರು: ಇಲ್ಲಿ ಮಂಚ, ಇಲ್ಲಿ ಬಚ್ಚಲ ಬಾಗಿಲು. ಕೀಲಿನ ಗುರುತು ಮಂಚದ ಕಡೆಗೇ ಬಿದ್ದಂತೆ ಕಂಡಿತು. ಅಯ್ಯೋ, ಬಾಗಿಲು ಮಂಚಕ್ಕೆ ಬಡಿಯುತ್ತದಲ್ಲ ಎಂದು ಗುರುತು ಒರೆಸಿ, ಎದುರು ಬದಿಗೆ ಕೀಲು ಕೂರಿಸಿದರು.

ಗೋಡೆ ಬೋರಲು ಮಲಗಿತ್ತು. ಮಲಗಿದಾಗ ಬಲಕ್ಕಿರುವುದು ಎದ್ದು ನಿಂತಾಗ ಎಡಕ್ಕೆ ಬರುತ್ತದೆ. ಶೆಡ್ಡಿಗೆ ಬಂದ ಮೊದಲ ದಿನ ಕಲಿಯುವ ಪಾಠ ಅದು, ಅವತ್ತು ಅದೇ ಮರೆತುಹೋಗಿತ್ತು. ತಪಾಸಣೆಯವನೂ ಕದದಕ್ಕನ ಕೈಕೆಲಸವೆಂದು ನೋಡದೆ ಬಿಟ್ಟ. “ಬೇರೆಯವರ ಮನೆಗೆಲ್ಲ ಸರಿಯಾಗೇ ಹಾಕಿದೆ. ನಮ್ಮೋರು ಅಂತ ಅಕ್ಕರೆ ಮಾಡಕ್ಕೆ ಹೋಗಿ ಕೆಡಿಸಿದೆ” ಎಂದರು ಕದದಕ್ಕ.

ಇವರು ಅತ್ತಿಗೆಯ ಹೊಸ ಮನೆಗೆ ಹೋದಾಗ ಬಚ್ಚಲ ಬಾಗಿಲು ಮಂಚಕ್ಕೆ ತಾಗಿ ಅರ್ಧಕ್ಕೇ ನಿಂತಿತ್ತು. ಊರುಗೋಲು ಹೊರಗೆ ಒರಗಿತ್ತು. ಅದನ್ನು ಹಿಡಿದುಕೊಂಡು ಒಳಗೆ ತೂರಲು ಜಾಗವಿಲ್ಲದೆ ಅತ್ತಿಗೆ ಗೋಡೆ ಹಿಡಿದು ಅಡ್ಡಡ್ಡ ಸರಿಯುತ್ತಿದ್ದರು. ಮಂಚ ಬೇರೆಡೆ ಹಿಡಿಸುವುದಿಲ್ಲ. ಪಕ್ಕದ ಮನೆಯವಳು ಕೇಳಿದಾಗ ಅತ್ತಿಗೆ, “ನಾನೇ ಹೀಗೆ ಮಾಡಿಸ್ಕೊಂಡಿದ್ದು, ಥಂಡಿ ಗಾಳಿ ಬರಬಾರದು ಅಂತ” ಎಂದುಬಿಟ್ಟರಂತೆ. ನಾದಿನಿಗೆ ಒಂದು ಮಾತೂ ಅನ್ನಲಿಲ್ಲ. “ಬೈದಿದ್ರೆ ನೆಮ್ಮದಿಯಾಗಿ ಅತ್ತುಬಿಡ್ತಿದ್ದೆ. ಅವರು ನನಗೋಸ್ಕರ ಸುಳ್ಳು ಹೇಳಿದ್ರಲ್ಲ, ಅದು ನುಂಗಕ್ಕಾಗಲ್ಲ.” ಆಮೇಲೆ ಆ ಕಡೆ ಕಾಲಿಡಲು ಇವರಿಗೆ ಮುಖವೇ ಇರಲಿಲ್ಲ.

ಚಹಾ ಮುಗಿಸಿ ಎದ್ದವರು ನೇರ ಸೂಪರ್‌ವೈಸರ್ ಮುಂದೆ ನಿಂತರು. ಎಲ್ಲರೂ ಕೇಳುತ್ತಿದ್ದರು. “ಸಾರ್, ನಮ್ಮ ಅತ್ತಿಗೆ ಮನೆ ಬಾಗಿಲಿನ ಗುರುತು ಸರಿಯಾಗಿತ್ತು. ಒರೆಸಿದ್ದು ನಾನು.” ಸೂಪರ್‌ವೈಸರ್, “ಡ್ರಿಲ್ ತಗೊಂಡು ಹೋಗಿ ಬಾರಮ್ಮ” ಎಂದರು.

ಜತೆಗೆ ನಾನೂ ಹೋಗಿದ್ದೇನೆ. ಮಂಚದ ಮೇಲೆ ಕೂತ ಅತ್ತಿಗೆಯ ಬಾಯಿಗೆ ಬಿಡುವಿಲ್ಲ.

“ಇಷ್ಟು ದಿನ ಎಲ್ಲಿ ಸತ್ತಿದ್ಯೇ? ಬಾಗಿಲು ಕೆಟ್ಟರೆ ನಾದಿನಿಯೂ ಬರಬಾರದಾ?”

“ತಪ್ಪಾಯ್ತು ಅತ್ತಿಗೆ.”

“ಥಂಡಿ ಗಾಳಿ ಅಂತ ಊರಿಗೆಲ್ಲ ಹೇಳಿದೀನಿ. ಈಗೇನು ಹೇಳಲಿ?”

“ನನ್ನ ನಾದಿನಿ ಉಲ್ಟಾ ಹಾಕಿದ್ಲು ಅಂತ ಹೇಳಿ.”

“ಹೂಂ, ಅದನ್ನ ನಾನೇ ಹೇಳ್ಬೇಕಾ? ಬಾಯಿ ಇಲ್ವಾ ನಿನಗೆ?”

ಕದದಕ್ಕ ಸ್ಕ್ರೂ ಬಿಚ್ಚುವುದನ್ನು ನಿಲ್ಲಿಸಿ, ಹೊಸ್ತಿಲಲ್ಲಿ ಇಣುಕುತ್ತಿದ್ದ ಪಕ್ಕದ ಮನೆಯವಳಿಗೆ ತಾವೇ ಹೇಳುತ್ತಾರೆ. ಕಿವಿ ಕೆಂಪಾಗಿದೆ. ಕೀಲು ಬದಿ ಬದಲಾಗುತ್ತದೆ. ಬಾಗಿಲು ಪೂರ್ತಿ ತೆರೆದು ಗೋಡೆಗೆ ಒರಗುತ್ತದೆ. ಅತ್ತಿಗೆ ಊರುಗೋಲು ಹಿಡಿದೇ ಒಳಗೆ ಹೋಗಿ, ಹೊರಗೆ ಬಂದು, ಇನ್ನೊಮ್ಮೆ ಸುಮ್ಮನೆ ಒಳಗೆ ಹೋಗುತ್ತಾರೆ.

ಚೌಕಟ್ಟಿನಲ್ಲಿ ಹಳೆಯ ಸ್ಕ್ರೂ ತೂತುಗಳಿಗೆ ಮೆತ್ತಿದ ಪುಟ್ಟಿ ಬೆಳ್ಳಗೆ ಎದ್ದು ಕಾಣುತ್ತದೆ. ಅದರ ಮೇಲೆ ಬಣ್ಣ ಬಳಿಯಬೇಕೇ ಎಂದು ನಾನು ಕೇಳುತ್ತೇನೆ.

“ಬೇಡ” ಎನ್ನುತ್ತಾರೆ ಕದದಕ್ಕ, ಬೇರೆ ಕಡೆ ನೋಡುತ್ತ. “ಕಲಿಯಕ್ಕೆ ಬರೋ ಹೊಸ ಹೆಂಗಸರನ್ನ ಮೊದಲು ಇಲ್ಲಿಗೇ ಕರ್ಕೊಂಡು ಬರ್ತೀನಿ. ಅವರು ನೋಡಿದ ಮೇಲೆ ಬಳಿದರಾಯ್ತು.”