ಮಾವಶಿ ಒಡೆದ ಕಾಟು

ಬಟ್ಟೆಬರೆ ಇಡುವ ಹೊಸ ತಿಜೋರಿಯ ಬಾಗಿಲು ತೆರೆದರೆ ಒಂದು ವಾಸನೆ ಬರುತ್ತದೆ. ಬಣ್ಣ, ಅಂಟು, ಒಳಗೆ ಸಿಕ್ಕಿಕೊಂಡ ಬಿಸಿಗಾಳಿ ಎಲ್ಲ ಕೂಡಿ ಮೂಗಿಗೆ ಬಡಿಯುವ ವಾಸನೆ. ಹೋದ ತಿಂಗಳು ಮಗಳ ಮದುವೆಯ ಸಾಮಾನು ನೋಡಲು ಚಿಕ್ಕೋಡಿಯ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ಹುರುಪಿನಿಂದ ತಿಜೋರಿಯ ಎರಡೂ ಬಾಗಿಲು ತೆರೆದು, “ನೋಡ್ರಿ ಅಕ್ಕಾರ, ಎಷ್ಟ ಜಾಗಾ ಐತಿ” ಎಂದ. ನಾನು ಜಾಗ ನೋಡಲಿಲ್ಲ. ಆ ವಾಸನೆ ಬಂದದ್ದೇ ತಡ, ನನ್ನ ಕಿವಿಯಲ್ಲಿ ಕೊಡಲಿಯ ಏಟು ಕೇಳಿಸಿತು. ನಮ್ಮವರು ಆ ಹೊತ್ತಿಗೆ ಬಡ್ಡಿಯಿಲ್ಲದ ಕಂತಿನ ಬಗ್ಗೆ ವಿಚಾರಿಸತೊಡಗಿದ್ದರು. ನಾನು ಪಕ್ಕದ ಕುರ್ಚಿಯಲ್ಲಿ ಕುಳಿತುಬಿಟ್ಟೆ. ಮಾವಶಿ ನೆನಪಾಗಿದ್ದಳು.

ಮಾವಶಿ ಎಂದರೆ ಚಿಕ್ಕಮ್ಮ. ನನಗೇನೂ ಅವಳು ಸಂಬಂಧಿಯಲ್ಲ. ನಾವು ನಿಪ್ಪಾಣಿಯ ಒಂದು ಚಾಳದಲ್ಲಿ ಬಾಡಿಗೆಗಿದ್ದಾಗ ಗೋಡೆಗೆ ಗೋಡೆ ಹಚ್ಚಿ ಇದ್ದವಳು. ಗಂಡ ಯಾವತ್ತೋ ತೀರಿಹೋಗಿದ್ದ. ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದಿನವಿಡೀ ತಂಬಾಕನ್ನು ಜರಡಿಯಲ್ಲಿ ಚಾಳಿಸಿ, ಸಂಜೆ ಸೀನುತ್ತ ಬರುತ್ತಿದ್ದಳು. ಅವಳು ಓಣಿಗೆ ಕಾಲಿಟ್ಟಳೆಂದು ಮೊದಲು ಮೂಗಿಗೆ ತಿಳಿಯುತ್ತಿತ್ತು, ಆಮೇಲೆ ಕಿವಿಗೆ. ಬೈಗುಳದಲ್ಲಿ ಅವಳಿಗೆ ಎರಡು ಭಾಷೆ ಬರುತ್ತಿತ್ತು. ಕನ್ನಡದಲ್ಲಿ ಶುರುಮಾಡಿ, ಸಿಟ್ಟು ಏರಿದಾಗ ಮರಾಠಿಗೆ ಹೋಗುತ್ತಿದ್ದಳು. ನನ್ನ ಮಗಳಿಗೆ ಜ್ವರ ಬಂದರೆ ಮಾತ್ರ ಬೈಯುವುದನ್ನು ಬಿಟ್ಟು, ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಇಡುತ್ತ ಕೂರುತ್ತಿದ್ದಳು. ಮಾವಶಿಗೆ ಒಬ್ಬಳೇ ಮಗಳು. ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತಿದ್ದೆ, ಆ ಹುಡುಗಿ ನನ್ನ ಬಳಿಯೇ ಹೊಲಿಗೆ ಕಲಿತವಳು.

ಆ ಮಗಳಿಗೆ ಶಿರಗುಪ್ಪಿಯಿಂದ ಗಂಡು ಬಂತು. ಕಬ್ಬಿನ ಹೊಲ, ಸ್ವಂತ ಟ್ರ್ಯಾಕ್ಟರ್, ಒಬ್ಬನೇ ಮಗ. ಅವರು ಏನನ್ನೂ ಕೇಳಲಿಲ್ಲ. “ನಮಗೇನೂ ಬ್ಯಾಡ್ರಿ, ಎಲ್ಲಾರೂ ಕೊಟ್ಟಂಗ ಒಂದ್ ಸಂಸಾರ ಸೆಟ್ ಕೊಡ್ರಿ ಸಾಕು” ಎಂದರು, ಅಷ್ಟೇ. ನಮ್ಮ ಕಡೆ ಸಂಸಾರ ಸೆಟ್ ಎಂದರೆ ಮಲಗುವ ಕಾಟು, ಗಾದಿ, ತಿಜೋರಿ, ನಿಲುಗನ್ನಡಿಯ ಮೇಜು ಮತ್ತು ಪಾತ್ರೆ. ಮದುವೆಗೆ ಮೊದಲು ಅದನ್ನೆಲ್ಲ ಟೆಂಪೋದಲ್ಲಿ ಹೇರಿ, ಹೂ ಕಟ್ಟಿ, ಗಂಡಿನ ಮನೆಯ ಬಾಗಿಲಿಗೆ ಕಳಿಸಬೇಕು. ಅಲ್ಲಿನ ಓಣಿಯ ಹೆಂಗಸರು ಬಂದು ತಿಜೋರಿಯ ಬಾಗಿಲು ತೆಗೆದು, ಹಾಕಿ, ಕಾಟನ್ನು ಗುದ್ದಿ ನೋಡುತ್ತಾರೆ. ಮದುಮಗಳನ್ನು ನೋಡುವುದು ಅದಾದ ಮೇಲೆ.

ಮಾವಶಿಗೆ ಬಡ್ಡಿ ಎಂದರೆ ಎದೆ ನಡುಗುತ್ತಿತ್ತು. ವಖಾರಿಯಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬಳ ಕಿವಿಯೋಲೆಯನ್ನು ಬಡ್ಡಿಯವನು ಸಂತೆಯಲ್ಲಿ ಹಿಡಿದೆಳೆದು, ಕಿವಿ ಹರಿದು ರಕ್ತ ಕುಪ್ಪಸಕ್ಕೆ ಇಳಿದದ್ದನ್ನು ಕಣ್ಣಾರೆ ಕಂಡಿದ್ದಳು. ಹಾಗಾಗಿ ಅಂಗಡಿಯ ಕರಪತ್ರದಲ್ಲಿ ‘ಬಡ್ಡಿ ಸೊನ್ನೆ’ ಎಂದು ಬರೆದದ್ದನ್ನು ಕಂಡು ಅವಳು ಅದನ್ನು ಮಡಚಿಕೊಂಡು ನಮ್ಮವರ ಹತ್ತಿರ ಬಂದಳು. ನಮ್ಮವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಯಾವ ಯಂತ್ರವನ್ನೂ ಬಿಚ್ಚಿ ನೋಡದೆ ನಂಬುವವರಲ್ಲ. ಮೊಬೈಲಿನಲ್ಲಿ ಗುಣಿಸಿ, ಭಾಗಿಸಿ, “ಖರೇನ ಐತಿ ಮಾವಶಿ, ಬಡ್ಡಿ ಇಲ್ಲ. ಕೂಡಸಿದ್ರ ಅಷ್ಟಽ ರೊಕ್ಕ ಆಕ್ಕೈತಿ” ಎಂದರು. ಲೆಕ್ಕ ಸರಿಯಾಗಿಯೇ ಇತ್ತು. ಈಗಲೂ ಅದರಲ್ಲಿ ತಪ್ಪು ಹುಡುಕಲು ನನಗೆ ಆಗುವುದಿಲ್ಲ.

ನಾನು ಮಾತ್ರ, ಕೈಯಲ್ಲಿರುವ ದುಡ್ಡಿಗೆ ಬಡಿಗನ ಹತ್ತಿರ ಒಂದು ಗಟ್ಟಿ ಕಾಟು ಮಾಡಿಸಿ ಕೊಡು, ಉಳಿದದ್ದು ಆಮೇಲೆ ನೋಡೋಣ ಎಂದೆ. ಮಾವಶಿ ನನ್ನನ್ನು ಕೆಕ್ಕರಿಸಿ ನೋಡಿದಳು. “ಬರೇ ಕಾಟ್ ಕಳಸಿದ್ರ ತಿಜೋರಿ ಎಲ್ಲಿ ಅಂತ ಆಕೀಗೆ ಕೇಳ್ತಾರ. ನನಗ ಯಾರ್ ಕೇಳ್ತಾರ ತಂಗಿ?”

ಕೊನೆಗೆ ಕಂತಿನ ಕಾಗದ ತುಂಬುವಾಗ ಅಂಗಡಿಯವರು ಸಾಮಾನು ತಲುಪಿಸುವ ವಿಳಾಸ ಕೇಳಿದರೆ ಅವಳು ಶಿರಗುಪ್ಪಿಯ ವಿಳಾಸ ಹೇಳಿದಳು. ಮತ್ತೆಲ್ಲಿಯದು ಹೇಳಬೇಕಿತ್ತು? ಅವಳ ಎರಡು ಖೋಲಿಯ ಮನೆಯಲ್ಲಿ ಆ ಕಾಟು ಹಿಡಿಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಎರಡೂ ಕೈ ಚಾಚಿ ಅಳೆದು ನಕ್ಕಿದ್ದಳು. ಗುರುತಿಗಿರಲಿ ಎಂದು ಇನ್ನೊಂದು ಮೊಬೈಲ್ ನಂಬರು ಕೇಳಿದಾಗ ಅಳಿಯನದೇ ಕೊಟ್ಟಳು. ತಿಜೋರಿಯ ನೆತ್ತಿಯ ಮೇಲೆ ‘ತಾಯಿಯಿಂದ ಮಗಳಿಗೆ’ ಎಂದು ಕೆಂಪು ಬಣ್ಣದಲ್ಲಿ ಬರೆಸಿದಳು. ಟೆಂಪೋ ಹೊರಟಾಗ ಆ ಕೆಂಪು ಇನ್ನೂ ಹಸಿಯಾಗಿತ್ತು. ಯಾರೂ ಮುಟ್ಟಬೇಡಿರೆಂದು ಟೆಂಪೋದ ಹಿಂದೆ ಕೂಗುತ್ತ ಓಡಿದಳು…

ಕಂತುಗಳು ಸರಿಯಾಗಿಯೇ ಹೋಗುತ್ತಿದ್ದವು. ಆ ವರ್ಷ ಹಂಗಾಮು ಮುಗಿಯುವ ಹೊತ್ತಿಗೆ ವಖಾರಿಯ ಮಾಲೀಕ ಪಗಾರವನ್ನು ಒಂದು ವಾರ ತಡಮಾಡಿದ. ಬ್ಯಾಂಕಿನಲ್ಲಿ ದುಡ್ಡು ಕಡಿಮೆಬಿದ್ದು ಒಂದು ಕಂತು ತಪ್ಪಿತು. ಒಂದೇ ಒಂದು. ವಸೂಲಿಯ ಹುಡುಗರಿಬ್ಬರು ಬೈಕಿನ ಮೇಲೆ ಸಾಮಾನು ಇದ್ದಲ್ಲಿಗೇ ಹೋದರು, ಅಂದರೆ ಶಿರಗುಪ್ಪಿಗೆ. ಆ ಮನೆಗೆ ಬಂದಿದ್ದ ಬೇರೆ ಬೀಗರು ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಒಳಗೆ ಹೋಗಿ, ಕಾಟಿನ ಫೋಟೋ ಹೊಡೆದುಕೊಂಡು, ಕಂತು ತುಂಬದಿದ್ದರೆ ಒಯ್ಯುತ್ತೇವೆ ಎಂದು ಓಣಿಗೆಲ್ಲ ಕೇಳುವಂತೆ ಹೇಳಿ ಬಂದರಂತೆ.

ಮರುದಿನ ಹುಡುಗಿ ನನಗೆ ಫೋನ್ ಮಾಡಿದಳು. ವಖಾರಿಯಲ್ಲಿ ಫೋನ್ ಬಿಡುವುದಿಲ್ಲವಾದ್ದರಿಂದ ಅವಳು ತಾಯಿಗೆ ಏನಾದರೂ ತಿಳಿಸಬೇಕಾದರೆ ನನಗೇ ಮಾಡುತ್ತಿದ್ದಳು. “ಅಕ್ಕಾ, ಅವ್ವಗ ಹಪ್ತಾ ತುಂಬು ಅಂತ ಅಷ್ಟ ಹೇಳ್ರಿ. ಬ್ಯಾರೆ ಏನೂ ಹೇಳಬ್ಯಾಡ್ರಿ.” ಮಾತು ಅರ್ಧ ಬಾಯಿಯಿಂದ ಬರುತ್ತಿತ್ತು. ಬಾತ ತುಟಿಯಿಂದ ‘ಪ’ಕಾರ ಹೊರಡುತ್ತಿರಲಿಲ್ಲ. ಹೊಲಿಗೆ ಯಂತ್ರವನ್ನು ಅಲ್ಲಿಗೇ ಬಿಟ್ಟು ನಾನು ವಖಾರಿಗೆ ಓಡಿದೆ. ಎಲ್ಲವನ್ನೂ ಹೇಳಿಬಿಟ್ಟೆ.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ ಹೋದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಬಸ್ಸನ್ನು ಮುಂದೆ ಹೋಗಗೊಡುತ್ತಿರಲಿಲ್ಲ. ಮಾವಶಿ ಯಾರನ್ನೂ ಬೈಯಲಿಲ್ಲ. ಅದಕ್ಕೇ ನನಗೆ ಅಂಜಿಕೆಯಾಯಿತು.

ಹುಡುಗಿ ಹಿತ್ತಲಲ್ಲಿ ನೀರು ಕಾಯಿಸುವ ಒಲೆಯ ಹತ್ತಿರ ನೆಲದ ಮೇಲೆ ಕುಳಿತಿದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು. ತುಟಿ ಸೀಳಿತ್ತು. ಮಾವಶಿ ಅವಳ ಕುಪ್ಪಸವನ್ನು ಹಿಂದಿನಿಂದ ಎತ್ತಿ ನೋಡಿದಳು. ಕಬ್ಬಿನಿಂದ ಹೊಡೆದಿದ್ದರು. ಕಬ್ಬಿನ ಗೆಣ್ಣು ಗೆಣ್ಣಾಗಿ ಬೆನ್ನು ಬಾಸುಂಡೆ ಎದ್ದು, ಕೆಲವು ಕಡೆ ಚರ್ಮ ಸುಲಿದು ಬಟ್ಟೆ ಅಂಟಿಕೊಂಡಿತ್ತು. ಕಬ್ಬಿನ ರಸಕ್ಕೋ ರಕ್ತಕ್ಕೋ, ನೊಣ ಮುತ್ತಿದ್ದವು. ಅತ್ತೆ ಹೊಸ್ತಿಲಲ್ಲಿ ನಿಂತು, “ಸಾಲದ ಕಾಟಿನ ಮ್ಯಾಲ ನಮ್ಮ ಹುಡುಗನ್ನ ಮಲಗಸೀರಿ. ಬೀಗರ ಮುಂದ ನಮ್ಮ ಮಾನ ಕಳದೀರಿ” ಎಂದಳು. ತನ್ನ ಸೊಸೆಯ ಬೆನ್ನು ಅವಳಿಗೆ ಕಾಣುತ್ತಲೇ ಇರಲಿಲ್ಲ.

“ಬಡ್ಡಿ ಇಲ್ಲ ಅಂದಿದ್ರು ತಂಗಿ,” ಎಂದು ಮಾವಶಿ ನನ್ನ ಕಡೆ ತಿರುಗಿದಳು. “ಬಡ್ಡಿ ಇಲ್ಲಿ ಬಿದ್ದೈತಿ ನೋಡು.”

ಹೂಜಿಯಿಂದ ಒಂದು ತಂಬಿಗೆ ನೀರು ಬಗ್ಗಿಸಿಕೊಂಡು ಕುಡಿದಳು. ಒಲೆಯ ಪಕ್ಕದಲ್ಲಿ ಸೌದೆ ಸೀಳುವ ಕೊಡಲಿ ಇತ್ತು. ಅದನ್ನು ಎತ್ತಿಕೊಂಡು ಒಳಗೆ ನಡೆದಳು. ಅತ್ತೆ ತನ್ನನ್ನೇ ಕಡಿಯಲು ಬಂದಳೆಂದು ಕಿರುಚಿ ದೇವರ ಖೋಲಿ ಸೇರಿ ಅಗಳಿ ಹಾಕಿಕೊಂಡಳು.

ಮೊದಲ ಏಟು ಕಾಟಿನ ತಲೆಹಲಗೆಗೆ ಬಿತ್ತು. ಎರಡನೆಯದಕ್ಕೆ ಅದು ಇಬ್ಭಾಗವಾಯಿತು. ಅಳಿಯ ಓಡಿಬಂದು ಹಿಂದಿನಿಂದ ಅವಳ ತುರುಬು ಹಿಡಿದು ಜಗ್ಗಿದ. ತಲೆ ಹಿಂದಕ್ಕೆ ಬಾಗಿದರೂ ಅವಳು ಕೊಡಲಿ ಬಿಡಲಿಲ್ಲ. ಕೂದಲಿನ ಒಂದು ಹಿಡಿ ಅವನ ಕೈಯಲ್ಲೇ ಕಿತ್ತು ಉಳಿಯಿತು. ತಿರುಗಿದವಳೇ ಕೊಡಲಿಯ ಹಿಂಬದಿಯಿಂದ ಅವನ ಮೊಣಕಾಲಿಗೆ ಬೀಸಿದಳು. ಎಲುಬಿನ ಸಪ್ಪಳ ನನಗೆ ಕೇಳಿಸಿತು. ಅವನು ಕೆಳಗೆ ಬಿದ್ದು ಒದರತೊಡಗಿದ. ಅವನನ್ನು ದಾಟಿ ಹೋಗಿ ನಿಲುಗನ್ನಡಿಗೆ ಹೊಡೆದಳು. ಗಾಜು ಸಿಡಿದು ಅವಳ ಮುಂಗೈ ಸೀಳಿತು. ರಕ್ತ ಸುರಿಯುತ್ತಿದ್ದ ಕೈಯಿಂದಲೇ ತಿಜೋರಿಗೆ ಬಾರಿಸಿದಳು. ತಗಡು ಒಳಗೆ ಹೋಗಿ ‘ತಾಯಿಯಿಂದ’ ಎಂಬಲ್ಲಿ ಬಾಯಿ ಬಿಟ್ಟಿತು. ಈಗ ಬೈಗುಳ ಶುರುವಾಗಿತ್ತು, ನೇರವಾಗಿ ಮರಾಠಿಯಲ್ಲಿ.

ಬಾಗಿಲಲ್ಲಿ ನಿಂತಿದ್ದ ನಾನು ತಡೆಯಲಿಲ್ಲ. ಖರೆ ಹೇಳುತ್ತೇನೆ, ನನಗೆ ಸಂತೋಷವಾಯಿತು. ಪ್ರತಿ ಏಟಿಗೂ ಇನ್ನೊಂದು ಹಾಕು ಎಂದು ಮನಸ್ಸಿನಲ್ಲೇ ಅನ್ನುತ್ತಿದ್ದೆ. ಕೊಡಲಿ ಕೊಟ್ಟಿದ್ದರೆ ನಾನೂ ಎರಡು ಹಾಕುತ್ತಿದ್ದೆ.

ಒಡೆದ ಕಾಟಿನೊಳಗೆ ಕಟ್ಟಿಗೆ ಇರಲಿಲ್ಲ. ಮೇಲೆ ಹೊಳಪಿನ ಹಾಳೆ, ಒಳಗೆ ಅಂಟು ಹಾಕಿ ಒತ್ತಿದ ಕಟ್ಟಿಗೆಯ ಹೊಟ್ಟು. ಅದೆಲ್ಲ ಖೋಲಿಯ ತುಂಬ ಏಳತೊಡಗಿತ್ತು. ಮಾವಶಿ ಒಮ್ಮೆಲೇ ನಿಂತು, ಒಂದು ಹಿಡಿ ಎತ್ತಿ ನೋಡಿ ಸೀನಿದಳು. “ಇದೂ ಧೂಳ ಏನು?” ಎಂದಳು. ಹಿಡಿ ಬಿಚ್ಚಿ ಅದನ್ನು ನೆಲಕ್ಕೆ ಸುರಿದಳು.

ಊರು ನೆರೆಯಿತು. ಹಿರಿಯರೊಬ್ಬರು ಅವಳ ಕೈಯಿಂದ ಕೊಡಲಿ ತೆಗೆದುಕೊಂಡು, ಹುಡುಗಿಯನ್ನು ಹೊಡೆದದ್ದು ತಪ್ಪೇ, ಆದರೆ ಮಂದಿಯ ಮನೆ ಹೊಕ್ಕು ಅವರ ಸಾಮಾನು ಒಡೆದಿದ್ದೀಯ, ಅದನ್ನು ತುಂಬಿಕೊಡಬೇಕಾಗುತ್ತದೆ ಎಂದರು. ಮಾವಶಿ ಸೆರಗು ಹರಿದು ಮುಂಗೈಗೆ ಸುತ್ತಿಕೊಳ್ಳುತ್ತ ಹೇಳಿದಳು.

“ಇವರ ಸಾಮಾನ ಯಾವದ್ರಿ? ಹಪ್ತಾ ಇನ್ನೂ ಮುಗದಿಲ್ಲ. ಮುಗಿಯೂತನಕ ಕಾಟ್ ನಂದು, ತಿಜೋರಿ ನಂದು. ನಿನ್ನೆ ಬಂದ ಹುಡುಗೂರೂ ನನ್ನ ಹೆಸರಽ ಹೇಳ್ಯಾರ. ನಂದು ನಾ ಒಡದೀನಿ. ಇವನ ಕಾಲಿಂದು ಬೇಕಾದ್ರ ಲೆಕ್ಕಾ ಮಾಡ್ರಿ, ನನ್ನ ಮಗಳ ಬೆನ್ನಿಂದೂ ಮಾಡ್ರಿ.”

ಹುಡುಗಿಯನ್ನು ಎಬ್ಬಿಸಿ ಬರಿಗಾಲಲ್ಲೇ ಬಸ್‌ಸ್ಟ್ಯಾಂಡಿಗೆ ಕರೆತಂದೆವು. ಆಮೇಲೆ ಪೊಲೀಸ್ ಠಾಣೆಯಾಯಿತು, ಪಂಚಾಯಿತಿಯಾಯಿತು. ಅವರೂ ಕೇಸು ಹಿಂತೆಗೆದುಕೊಂಡರು, ಇವರೂ ತೆಗೆದುಕೊಂಡರು, ಸೋಡಚಿಟ್ಟಿಯ ಕಾಗದವಾಗಿ ಗಂಡ-ಹೆಂಡತಿಯ ಸಂಬಂಧ ಹರಿಯಿತು. ಹುಡುಗಿ ಬಹಳ ದಿನ ಬೋರಲು ಮಲಗಿಯೇ ನಿದ್ದೆ ಮಾಡುತ್ತಿದ್ದಳು, ತಾಯಿಯ ಪಕ್ಕದಲ್ಲಿ, ನೆಲದ ಮೇಲೆ, ಚಾಪೆಯಲ್ಲಿ…

ನನಗೆ ಇಂದಿಗೂ ಕಾಡುವುದು ಅದರ ನಂತರದ್ದು. ಮಾವಶಿ ಆ ಒಡೆದ ಕಾಟಿನ ಕಂತನ್ನು ತುಂಬುತ್ತಲೇ ಹೋದಳು. ಒಂದನ್ನೂ ತಪ್ಪಿಸಲಿಲ್ಲ. ಪಗಾರ ತಡವಾದರೆ ನನ್ನ ಹತ್ತಿರ ಕೈಗಡ ತೆಗೆದುಕೊಂಡಾದರೂ ತುಂಬಿದಳು. ಒಮ್ಮೆ ನಾನು ತಡೆಯಲಾರದೆ, ಯಾರಿಗಾಗಿ ತುಂಬುತ್ತೀ, ಬಂದು ಒಯ್ಯಲಿ ಆ ಹೊಟ್ಟನ್ನು ಎಂದು ರೇಗಿದೆ. ಅವಳು ರೇಗಲಿಲ್ಲ.

“ನಂದು ನಾ ಒಡದೀನಿ ಅಂತ ಊರ ಮುಂದ ಹೇಳಿ ಬಂದೀನಿ. ರೊಕ್ಕ ತುಂಬಲಿಲ್ಲಂದ್ರ ಆ ಮಾತ ಸುಳ್ಳ ಆಕ್ಕೈತಿ. ಮಗಳು ನನ್ನಾಕಿ ಅಂತ ಕರಕೊಂಡ ಬಂದೀನಿ, ಕಾಟ್ ಮಂದೀದು ಅನ್ನಾಕ ಬರತೈತೇನ?”

ಕೊನೆಯ ಕಂತು ತುಂಬಿದ ದಿನ ಓಣಿಗೆಲ್ಲ ಚಿರಮುರಿ, ಫರಸಾಣ ಹಂಚಿದಳು. ಮಗಳು ಈಗ ಇಚಲಕರಂಜಿಯಲ್ಲಿ ತನ್ನದೇ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಮಾವಶಿ ಇಲ್ಲ. ವಖಾರಿಯ ಧೂಳು ಎದೆಯಲ್ಲಿ ಕುಳಿತು, ಕೆಮ್ಮಿ ಕೆಮ್ಮಿ ಹೋದಳು. ಕೊನೆಗಾಲದಲ್ಲಿ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡುತ್ತಿದ್ದಳು. ಅಷ್ಟು ಕಂತು ತುಂಬಿದವಳು ಒಂದು ದಿನವೂ ಕಾಟಿನ ಮೇಲೆ ಮಲಗಲಿಲ್ಲ.

“ಬಡ್ಡಿ ಒಂದ್ ರೂಪಾಯಿನೂ ಇಲ್ರಿ ಅಕ್ಕಾರ” ಎಂದು ಚಿಕ್ಕೋಡಿಯ ಅಂಗಡಿಯವನು ನನ್ನನ್ನು ನೆನಪಿನಿಂದ ಎಚ್ಚರಿಸಿದ. ನಮ್ಮವರು ಲೆಕ್ಕ ಮುಗಿಸಿ ಪೆನ್ನು ಹಿಡಿದಿದ್ದರು. ನಾನು ಕಂತಿಗೆ ವಿರೋಧಿಯಲ್ಲ. ನಮ್ಮ ಮನೆಯ ಫ್ರಿಜ್ಜು ಕಂತಿನದೇ, ನನ್ನ ಹೊಸ ಹೊಲಿಗೆ ಯಂತ್ರವೂ ಅದರದೇ. ಆದರೆ ಅಂಗಡಿಯವನು ಹುಡುಗನ ಮನೆಯ ವಿಳಾಸ ಹೇಳಿ, ನೇರವಾಗಿ ರಾಯಬಾಗಕ್ಕೇ ಮುಟ್ಟಿಸುತ್ತೇವೆ ಎಂದಾಗ ನಾನು ಕುರ್ಚಿಯಿಂದ ಎದ್ದು ಅವರ ಬಳಿ ಬಂದೆ.

“ತಿಜೋರಿ ಬ್ಯಾಡ್ರಿ. ಕಾಟ್ ಒಂದಽ ಸಾಕು, ನಮ್ಮ ಮನಿಗೇ ಕಳಸ್ರಿ.”

“ಅಲ್ಲಲೇ, ನಮ್ಮ ಮನ್ಯಾಗ ಕಾಟ್ ಐತಲ್ಲ?” ಎಂದರು ನಮ್ಮವರು.

“ಇದು ಮಗಳದು. ಯಾವಾಗ ಬಂದ್ರೂ ಮಲಗಾಕ ಬೇಕು. ಹಪ್ತಾ ತಪ್ಪಿದ್ರ ಬೈಕಿನ ಹುಡುಗೂರು ನಮ್ಮ ಬಾಗಲಿಗೇ ಬರಲಿ.”

ದಾರಿಯುದ್ದಕ್ಕೂ ಜಗಳವಾಯಿತು. ಬೀಗರಿಗೆ ಏನೆಂದು ಹೇಳುವುದು ಎಂದು ಅವರು ಇನ್ನೂ ಕೇಳುತ್ತಿದ್ದಾರೆ. ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದಿದ್ದೇನೆ. ಕಾಟು ಬಂದು ಹಿಂದಿನ ಖೋಲಿಯಲ್ಲಿ ನಿಂತಿದೆ. ಬಾಗಿಲಲ್ಲಿ ಹಿಡಿಯದೆ ಬಿಚ್ಚಿ ಜೋಡಿಸಬೇಕಾಯಿತು. ಅದರ ಅಂಟಿನ ವಾಸನೆ ಇನ್ನೂ ಹೋಗಿಲ್ಲ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಒಮ್ಮೊಮ್ಮೆ ಅದರ ಅಂಚಿನಲ್ಲಿ ಕೂರುತ್ತೇನೆ. ಮಾವಶಿ ಇದ್ದಿದ್ದರೆ ಕೈಹಿಡಿದು ಕರೆತಂದು, ಮಗಳಿಗಿಂತ ಮೊದಲು ಅವಳನ್ನೇ ಇದರ ಮೇಲೆ ಮಲಗಿಸುತ್ತಿದ್ದೆ. ತಂಬಾಕಿನ ಸೀರೆಯಲ್ಲೇ ಮಲಗು ಎನ್ನುತ್ತಿದ್ದೆ. ಅವಳು ಖಂಡಿತ ಬೈಯುತ್ತಿದ್ದಳು…