ನೀರು ಕುದಿಸಿದವಳ ಹೆಸರು

ಬೆಳಗಿನ ಐದೂವರೆ. ದಕ್ಷಿಣ ಪೆರುವಿನ ಆ ವಿಶ್ವವಿದ್ಯಾಲಯದ ನೆಲಮಾಳಿಗೆಯಲ್ಲಿ ಎರ್ಮೆಲಿಂಡಾ ಚೋಕೆ ನೀರು ಕುದಿಸುತ್ತಿದ್ದಾರೆ. ಅರ್ಧ ಗಂಟೆ, ಒಂದು ನಿಮಿಷವೂ ಕಡಿಮೆಯಿಲ್ಲ. ಆಮೇಲೆ ಎರಡು ಬಗೆಯ ಕಬ್ಬಿಣದ ಲವಣ ಬೆರೆಸಿ, ಅಮೋನಿಯವನ್ನು ಹನಿಹನಿಯಾಗಿ ಬಿಡುತ್ತಾರೆ. ಕಿತ್ತಳೆ ಬಣ್ಣದ ನೀರು ನೋಡನೋಡುತ್ತಲೇ ಕಾಡಿಗೆಯಷ್ಟು ಕಪ್ಪಾಗುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಯಸ್ಕಾಂತದ ಕಣಗಳವು.

ಹಳೆಯ ಬಸ್ಸಿನ ಸ್ಪೀಕರಿನಿಂದ ಕಿತ್ತ ಅಯಸ್ಕಾಂತವನ್ನು ಗಾಜಿಗೆ ಒತ್ತಿದರೆ ಕಪ್ಪೆಲ್ಲ ಓಡಿ ಬಂದು ಅಂಟಿಕೊಳ್ಳುತ್ತದೆ. ತೆಗೆದು ಅಲುಗಿಸಿದರೆ ಚದುರುತ್ತದೆ. "ತೆಗೆದ್ಮೇಲೂ ಮುದ್ದೆಯಾಗೇ ಕೂತ್ರೆ ಕೆಟ್ಟಿದೆ ಅಂತ. ಮೇಲಿನ ಮಹಡಿಯ ಮಷೀನೂ ಇದನ್ನೇ ಗೆರೆ ಎಳೆದು ಹೇಳುತ್ತೆ, ಅಷ್ಟೇ," ಎನ್ನುತ್ತ ಅವರು ಏಳು ಸಲ ತೊಳೆಯುತ್ತಾರೆ.

ಈ ಕಣಗಳು ಕುಡಿಯುವ ನೀರಿನ ಆರ್ಸೆನಿಕ್ ವಿಷವನ್ನು ಹಿಡಿದುಕೊಳ್ಳುತ್ತವೆ. ಎರ್ಮೆಲಿಂಡಾ ಹುಟ್ಟಿದ ಕಣಿವೆಯ ಹೊಳೆಯಲ್ಲಿರುವುದೂ ಅದೇ ವಿಷ. ಅವರ ಅಮ್ಮನ ಅಂಗೈ ಗಂಟುಗಂಟಾದದ್ದು ಆ ನೀರು ಕುಡಿದೇ. ಇಪ್ಪತ್ತಾರು ವರ್ಷದ ಹಿಂದೆ ಇಲ್ಲಿ ಗಾಜಿನ ಪಾತ್ರೆ ತೊಳೆಯಲು ಸೇರಿದವರು ನೋಡುತ್ತ ನೋಡುತ್ತಲೇ ಕೆಲಸ ಕಲಿತರು. ನೀರು ಕುದಿಸುವುದು ಅವರದೇ ಯೋಚನೆ. "ಕುದಿಸಿದ್ರೆ ನೀರೊಳಗಿನ ಗಾಳಿ ಹೋಗುತ್ತೆ. ಗಾಳಿ ಇದ್ರೆ ಕಬ್ಬಿಣ ತುಕ್ಕು ಹಿಡಿಯುತ್ತೆ. ಇಷ್ಟು ತಿಳಿಯೋಕೆ ಡಾಕ್ಟರೇಟ್ ಬೇಕಾ?"

ಬೇಕಿತ್ತೆಂದು ಕಾಣುತ್ತದೆ. ಎರಡು ವರ್ಷದ ಹಿಂದೆ ಈ ಕಣಗಳ ಬಗ್ಗೆ ಪ್ರಬಂಧ ಅಚ್ಚಾದಾಗ ಅದರಲ್ಲಿ ಆರು ಹೆಸರುಗಳಿದ್ದವು, ಎರ್ಮೆಲಿಂಡಾ ಅವರದಿಲ್ಲ. ಕುದಿಸುವ ಮಾತೂ ಇಲ್ಲ. ಆ ಆರು ಜನರಲ್ಲಿ ಒಬ್ಬರೂ ಅದನ್ನು ಕಂಡವರಲ್ಲ! ಕಳೆದ ವರ್ಷ ಚಿಲಿಯ ಪ್ರಯೋಗಾಲಯದವರು ಕಾಗದ ಬರೆದರು: ನೀವು ಹೇಳಿದಂತೆಯೇ ಮಾಡಿದೆವು, ಸಿಕ್ಕಿದ್ದು ಬರೀ ಕಂದು ಕೆಸರು.

ಆಗ ವಿಭಾಗದ ಮುಖ್ಯಸ್ಥ ಡಾಕ್ಟರ್ ಉಗಾರ್ತೆಚೆ ಮೊದಲ ಬಾರಿಗೆ ನೆಲಮಾಳಿಗೆಯ ಮೆಟ್ಟಿಲಿಳಿದರು. "ಎರ್ಮಿತಾ, ನನ್ನ ರಾಣಿ, ನೀನು ಅದೇನು ಮಾಡ್ತೀಯೋ ಒಂಚೂರು ಬರ್ಕೊಡು," ಎಂದರು, ಹೆಸರನ್ನು ಮುದ್ದಿಗೆ ಮೊಟಕು ಮಾಡಿ.

ಬಾಯಿ ಮುಚ್ಚಿಕೊಂಡಿದ್ದರೆ ಆ ಆರೂ ಜನರ ಮಾನ ಅಂದೇ ಹೋಗುತ್ತಿತ್ತು. ಆದರೆ ಕಣಿವೆಯ ಜನ ಇನ್ನೂ ಅದೇ ನೀರು ಕುಡಿಯುತ್ತಿದ್ದಾರೆ. ಎರ್ಮೆಲಿಂಡಾ ಬರೆದುಕೊಟ್ಟರು, ಹಾಳೆಯ ಮೇಲ್ತುದಿಯಲ್ಲಿ ತಮ್ಮ ಹೆಸರನ್ನೂ ಬರೆದರು. ತಿದ್ದುಪಡಿ ಅಚ್ಚಾಯಿತು: "ನೀರನ್ನು ಮೊದಲು ಕುದಿಸಬೇಕೆಂದು ಲೇಖಕರು ಕಂಡುಕೊಂಡಿದ್ದಾರೆ." ಕಂಡುಕೊಂಡರಂತೆ! ನಾಚಿಕೆ ಎನ್ನುವುದು ಆ ಮಹಡಿಯವರೆಗೆ ಹತ್ತುವುದೇ ಇಲ್ಲವೇನೋ.

"ಟೆಕ್ನಿಷಿಯನ್ ಹೆಸರು ಹಾಕೋ ಪದ್ಧತಿ ಇಲ್ಲ, ಎರ್ಮಿತಾ," ಎಂದರು ಡಾಕ್ಟರು.

"ಕೆಸರು ಮಾಡೋ ಪದ್ಧತಿ ಇದ್ಯಾ, ಡಾಕ್ಟರ್?" ಎಂದು ಕೇಳಿ ಇವರು ಪಾತ್ರೆ ತೊಳೆಯಲು ಹೋದರಂತೆ.

ಇಂದು ಕಪ್ಪು ಕಣ ತುಂಬಿದ ಮೊದಲ ಹನ್ನೆರಡು ಬಾಟಲಿಗಳು ಕಣಿವೆಯ ನೀರಿನ ಟ್ಯಾಂಕಿಗೆ ಹೊರಟಿವೆ. ಮೇಲೆ ವಿಶ್ವವಿದ್ಯಾಲಯದ ಮುದ್ರೆಯಷ್ಟೇ ಇರಬೇಕೆಂದು ಅಪ್ಪಣೆಯಾಗಿದೆ. ಎರ್ಮೆಲಿಂಡಾ ಮುದ್ರೆ ಅಂಟಿಸುತ್ತಾರೆ. ಅದರ ಕೆಳಗೆ ಅಳಿಸದ ಶಾಯಿಯಲ್ಲಿ ದೊಡ್ಡದಾಗಿ ಬರೆಯುತ್ತಾರೆ: ಮಾಡಿದ್ದು, ಎರ್ಮೆಲಿಂಡಾ ಚೋಕೆ. ಹನ್ನೆರಡಕ್ಕೂ.

"ಪ್ರಬಂಧ ಅವರೇ ಇಟ್ಕೊಳ್ಳಲಿ," ಎನ್ನುತ್ತಾರೆ ಪೆನ್ನಿನ ಮುಚ್ಚಳ ಹಾಕುತ್ತ. "ನಮ್ಮೂರಿನವರು ಓದೋದು ಬಾಟ್ಲೀನ."